ಹಿನ್ನೆಲೆ ಸಂಗೀತವಿಲ್ಲದೆ ದೃಶ್ಯದಲ್ಲಿ ಒಂಟಿತನ ತರುವುದು ಹೇಗೆ?

ಕಾಸರಗೋಡಿನ ಹಂಚಿನ ಮನೆ, ಮಳೆಗಾಲದ ಸಂಜೆ, ಚಾವಡಿಯಲ್ಲಿ ಅಜ್ಜಿ ಒಬ್ಬರೇ. ಕಿರುಚಿತ್ರದ ಈ ದೃಶ್ಯದಲ್ಲಿ ಸಂಗೀತವಿಲ್ಲದೆ ಒಂಟಿತನ ತಟ್ಟಬೇಕು ಎಂದು ಕೇಳಿದ್ದೀರಿ.

ಮುಕ್ಕಾಲು ಪಾಲು ಕೆಲಸ ಬೆಳಕಿನದ್ದು. ಟ್ಯೂಬ್‌ಲೈಟ್ ಆಫ್ ಮಾಡಿ, ಅದು ಎಲ್ಲವನ್ನೂ ಒಂದೇ ಸಮ ಬೆಳಗಿಸಿದರೆ ಮುಖದಲ್ಲಿ ನೆರಳೇ ಉಳಿಯುವುದಿಲ್ಲ. ಬಾಗಿಲ ಬೆಳಕು ಮುಖದ ಒಂದು ಬದಿಗೆ ಬೀಳಲಿ, ಇನ್ನೊಂದು ಬದಿಯಲ್ಲಿ ಕಪ್ಪು ಬಟ್ಟೆ ಕಟ್ಟಿ. ಸುಣ್ಣದ ಗೋಡೆ ಹತ್ತಿರವಿದ್ದರೆ ಇದು ಬೇಕೇ ಬೇಕು, ಇಲ್ಲದಿದ್ದರೆ ಗೋಡೆಯ ಬಿಳುಪು ನೆರಳನ್ನು ತಿನ್ನುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಸಂಜೆಯ ನೀಲಿಯನ್ನು ಕ್ಯಾಮೆರಾವೇ ತಿದ್ದಿಬಿಡುತ್ತದೆ. 4500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿಗೆ ಲಾಕ್ ಮಾಡಿ: ಅಂಗಳ ನೀಲಿಯಾಗಿ, ಒಳಗಿನ ಹಳದಿ ಬಲ್ಬು ಬೆಚ್ಚಗೆ ಕಾಣುತ್ತದೆ.

ಮಳೆಗೆ ಎದುರಿನಿಂದ ಬೆಳಕು ಬಿಟ್ಟರೆ ಹನಿ ಸರಿಯಾಗಿ ಕಾಣದು. ಮಾಡಿನ ನೀರಿನ ಹಿಂದಿನಿಂದ, ಓರೆಯಾಗಿ ಕೊಡಿ. ಹಿನ್ನೆಲೆಯಲ್ಲಿ ಕಂಗಿನ (ಅಡಿಕೆ) ತೋಟದ ಕತ್ತಲೆ ಇರಲಿ. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡು ಇರಲಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಬಲ್ಬು ಮಿನುಗುವ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಕ್ಯಾಮೆರಾವನ್ನು ಒಳಕೋಣೆಯಲ್ಲಿ ಟ್ರೈಪಾಡಿನ ಮೇಲಿಟ್ಟು, 24 ಎಂಎಂ ಲೆನ್ಸಿನಲ್ಲಿ ದಾರಂದದ (ಬಾಗಿಲ ಚೌಕಟ್ಟಿನ) ಮೂಲಕ ನೋಡಿ. ಅಜ್ಜಿ ಸಣ್ಣದಾಗಿ ಕಾಣಲಿ, ಶಾಟ್ 8-10 ಸೆಕೆಂಡು ನಿಲ್ಲಲಿ. ಕ್ಲೋಸಪ್ ಒಂದೇ ಸಾಕು. ಎಡಿಟಿಂಗಿನಲ್ಲಿ ಅವಸರದಿಂದ ಕತ್ತರಿಸುವುದರಿಂದಲೇ ಇಂಥ ದೃಶ್ಯಗಳು ಹೆಚ್ಚಾಗಿ ಕೆಡುವುದು.

ಹಂಚಿನ ಮೇಲಿನ ಮಳೆ ಸಂಭಾಷಣೆಯನ್ನು ನುಂಗುತ್ತದೆ. ಮಾತನ್ನು ಮಳೆ ಬಿಟ್ಟಾಗ, ಮಳೆಯನ್ನು ಪ್ರತ್ಯೇಕವಾಗಿ ತಡೆಯಿಲ್ಲದೆ 2 ನಿಮಿಷ ರೆಕಾರ್ಡ್ ಮಾಡಿ. ಖಾಲಿ ಚಾವಡಿಯ ಸದ್ದನ್ನೂ 1 ನಿಮಿಷ ತೆಗೆದಿಡಿ, ಇಲ್ಲದಿದ್ದರೆ ಮಾತಿನ ನಡುವೆ ಜೋಡಣೆಯ ಗುರುತು ಕೇಳಿಸುತ್ತದೆ.