ಸೆನ್ಸರ್ ಕೆಟ್ಟಿದೆಯೋ ಇಲ್ಲವೋ: ಕಾರಟಗಿಯ ತಮ್ಮನ ಪ್ರಶ್ನೆಗೆ ಉತ್ತರ

ಕಾರಟಗಿಯ ತಮ್ಮನಿಗೆ ನಮಸ್ಕಾರ. ಭತ್ತ ಬೆಳೆಯುವವರ ಗುಂಪಿನಲ್ಲಿ ಸಕ್ಕರೆ ಕಾಯಿಲೆಯ ಮಾತೇಕೆ ಎಂದು ಇಬ್ಬರು ಕೇಳಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿ ಅಂಗಿಯ ಜೇಬಿನಲ್ಲಿ ಶುಗರ್ ಮಾತ್ರೆ ಇಟ್ಟುಕೊಂಡೇ ಗದ್ದೆಗೆ ಇಳಿಯುತ್ತಾರೆಂಬುದು ಅವರಿಗೂ ಗೊತ್ತಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ನಿಮ್ಮ ದೂರು ಇದು: ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುವ ನಿಮ್ಮ ತಂದೆಯವರಿಗೆ ಎರಡು ತಿಂಗಳಲ್ಲಿ ಮೂರು ಸೆನ್ಸರ್ ಹಾಕಿಸಿದ್ದೀರಿ (ತೋಳಿಗೆ ಅಂಟಿಸಿಕೊಂಡರೆ ಹಗಲಿರುಳು ಶುಗರ್ ಅಳೆದು ಫೋನಿನ ಆ್ಯಪಿನಲ್ಲಿ ಅಂಕಿ, ಗ್ರಾಫು ತೋರಿಸುವ ಬಿಲ್ಲೆ ಇದು). ಮೊದಲನೆಯದು ನಡುರಾತ್ರಿ ಶುಗರ್ ತೀರ ಇಳಿದು 54 ಆಗಿದೆ ಎಂದು ಕೂಗಿಕೊಂಡಾಗ ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರ್ 112 ತೋರಿಸಿತು. ಎರಡನೆಯದು ಆರನೇ ದಿನಕ್ಕೇ ತೋಳಿನಿಂದ ಕಳಚಿ ಬಿತ್ತು. ಮೂರನೆಯದು ಒಂಬತ್ತನೇ ದಿನ ‘ಸೆನ್ಸರ್ ಬದಲಿಸಿ’ ಎಂದು ತೋರಿಸಿ ನಿಂತುಹೋಯಿತು. ನಕಲಿ ಮಾಲು ಕೊಟ್ಟರೇ, ಇದನ್ನು ಬಿಟ್ಟೇಬಿಡೋಣವೇ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ, ಮಾನ್ವಿಯ ಕಡೆ ಭತ್ತ ಬೆಳೆಯುವವನು. ಹನ್ನೊಂದು ವರ್ಷಗಳಿಂದ ಇನ್ಸುಲಿನ್, ಮೂರು ವರ್ಷಗಳಿಂದ ಆಗಾಗ ಸೆನ್ಸರ್ ಬಳಸುತ್ತಿದ್ದೇನೆ. ನೀವು ಹೇಳಿದ ಮೂರೂ ನನಗೆ ಆಗಿವೆ. ನನ್ನ ಲೆಕ್ಕದಲ್ಲಿ ಈ ಮೂರರಲ್ಲಿ ನಿಜವಾಗಿ ಕೆಟ್ಟದ್ದು ಕೊನೆಯದೊಂದೇ.

ಮೊದಲನೆಯದರ ವಿಷಯವನ್ನು ವಿವರವಾಗಿಯೇ ಹೇಳಬೇಕು. ನೀವು ಹಾಕಿದ ಚಿತ್ರದಲ್ಲಿ ಸೆನ್ಸರ್ ಎಡತೋಳಿನಲ್ಲಿದೆ, ತಂದೆಯವರು ಎಡಮಗ್ಗುಲಿಗೇ ಮಲಗುತ್ತಾರೆಂದು ನೀವೇ ಬರೆದಿದ್ದೀರಿ. ಸೆನ್ಸರಿನ ಕೂದಲೆಳೆಯಂಥ ತಂತು ರಕ್ತನಾಳದೊಳಗೆ ಇರುವುದಿಲ್ಲ. ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ದ್ರವದಲ್ಲಿ ಕುಳಿತು, ಅಲ್ಲಿಗೆ ಬಂದ ಗ್ಲೂಕೋಸನ್ನು ಅಳೆಯುತ್ತದೆ. ಮೈಭಾರವೆಲ್ಲ ಆ ತೋಳಿನ ಮೇಲೆ ಬಿದ್ದಾಗ ಆ ಜಾಗದ ರಕ್ತಸಂಚಾರ ಕುಗ್ಗಿ, ದ್ರವಕ್ಕೆ ಹೊಸ ಗ್ಲೂಕೋಸ್ ಬರುವುದು ಕಡಿಮೆಯಾಗುತ್ತದೆ. ಸೆನ್ಸರ್ ತನ್ನ ಸುತ್ತ ಕಂಡದ್ದನ್ನೇ ವರದಿ ಮಾಡುತ್ತದೆ. ಗ್ರಾಫಿನಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ: ಸಮವಾಗಿ ಸಾಗುತ್ತಿದ್ದ ಗೆರೆ ಬಾವಿಗೆ ಬಿದ್ದಂತೆ ತಟ್ಟನೆ ಇಳಿದು, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಅಷ್ಟೇ ತಟ್ಟನೆ ಮೇಲಕ್ಕೆ ಬಂದು ಹಳೆಯ ಮಟ್ಟದಲ್ಲಿ ನಿಲ್ಲುತ್ತದೆ. ಇನ್ಸುಲಿನ್ ಹೆಚ್ಚಾಗಿ ಇಳಿಯುವ ಗೆರೆ ಸಾಮಾನ್ಯವಾಗಿ ಹೀಗಿರದೆ ಓರೆಯಾಗಿ, ನಿಧಾನವಾಗಿ ಇಳಿಯುತ್ತದೆ.

ಇದು ಗೊತ್ತಿಲ್ಲದ ಕಾಲದಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ. ಸತತ ಮೂರು ರಾತ್ರಿ ಅಲಾರಾಂ ಹೊಡೆಯಿತು, ಮೂರು ರಾತ್ರಿಯೂ ನನ್ನ ಮನೆಯಾಕೆ ಗಾಬರಿಯಿಂದ ಎದ್ದು, ಲೋಟದಲ್ಲಿ ಸಕ್ಕರೆ ಕದಡಿ ಕುಡಿಸಿದಳು. ಬೆಳಗಿನ ಹೊತ್ತಿಗೆ 280, 290. ನಾಲ್ಕನೇ ರಾತ್ರಿ ಮೊದಲು ಬೆರಳು ಚುಚ್ಚಿ ನೋಡಿದೆವು: 118. ಎದ್ದು ಕುಳಿತು ಇಪ್ಪತ್ತು ನಿಮಿಷ ಕಾದಾಗ ಸೆನ್ಸರಿನ ಅಂಕಿಯೂ ತಾನಾಗಿ ನೂರು ದಾಟಿತು. ಆದರೆ ಇದನ್ನು ಓದಿ ರಾತ್ರಿಯ ಅಲಾರಾಂ ಎಲ್ಲವೂ ಸುಳ್ಳೆಂದು ಮಗ್ಗುಲು ಬದಲಿಸಿ ಮಲಗಿಬಿಡಬೇಡಿ. ಬೆವರು, ನಡುಕ, ಮಾತಿನಲ್ಲಿ ತೊದಲು ಕಂಡರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೆ, ಮೊದಲು ಸಕ್ಕರೆ, ಆಮೇಲೆ ತನಿಖೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಎರಡು ಯಂತ್ರಗಳ ಅಂಕಿಗಳನ್ನು ಹೋಲಿಸುವ ಬಗೆಯಲ್ಲಿಯೂ ನಾವು ತಪ್ಪುತ್ತೇವೆ. ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನವೇ ನಮ್ಮ ಮಾನ್ವಿಯ ಗದ್ದೆಗೆ ನೀರು ಬರುವುದಿಲ್ಲ, ಅಲ್ಲಿ ನಿಲ್ಲಿಸಿದ ಕೂಡಲೇ ಇಲ್ಲಿ ನಿಲ್ಲುವುದೂ ಇಲ್ಲವೆಂಬುದು ಕೊನೆಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ರಕ್ತ ಮುಖ್ಯ ಕಾಲುವೆ, ಸೆನ್ಸರ್ ಇರುವುದು ಕೊನೆಯ ಗದ್ದೆಯಲ್ಲಿ. ನಡುವೆ ಐದರಿಂದ ಹದಿನೈದು ನಿಮಿಷಗಳ ಅಂತರವಿರುತ್ತದೆ. ಊಟವಾದ ಅರ್ಧ ಗಂಟೆಗೆ ಶುಗರ್ ಏರುತ್ತಿರುವಾಗ ಬೆರಳು ಚುಚ್ಚಿದರೆ ಮೀಟರ್ 190, ಸೆನ್ಸರ್ 155 ತೋರಿಸಬಹುದು, ಎರಡೂ ಸರಿಯೇ. ಶುಗರ್ ತೀರ ಇಳಿದು ‘ಲೋ’ ಆದಾಗ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆ ತಿಂದ ಮೇಲೆಯೂ ಸೆನ್ಸರ್ ಕೆಲಹೊತ್ತು ಕೆಳಗಿನ ಅಂಕಿಯನ್ನೇ ತೋರಿಸುವುದು ಇದರಿಂದಲೇ. ಅದನ್ನು ನೋಡಿ ಮತ್ತೆ ಮತ್ತೆ ಸಕ್ಕರೆ ತಿಂದರೆ ಆಮೇಲೆ ಮುನ್ನೂರಕ್ಕೆ ಏರುತ್ತದೆ; 15 ನಿಮಿಷ ಬಿಟ್ಟು ಬೆರಳಿನಿಂದಲೇ ನೋಡುವುದು ಒಳ್ಳೆಯದು.

ಆದ್ದರಿಂದ ಹೋಲಿಸಬೇಕಾದದ್ದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅಂಕಿಯ ಪಕ್ಕದ ಬಾಣದ ಗುರುತು ಮಲಗಿಕೊಂಡಂತೆ ಅಡ್ಡವಾಗಿರುವಾಗ, ಅಂದರೆ ಶುಗರ್ ಏರದೆ ಇಳಿಯದೆ ನಿಂತಿರುವಾಗ. ಕೈಯನ್ನು ಸಾಬೂನಿನಿಂದ ತೊಳೆದು ಒರೆಸಿಕೊಂಡಿರಬೇಕು. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿ 260 ಬಂತೆಂದು ಹೆದರಿದವನು ನಾನು, ಕೈ ತೊಳೆದು ನೋಡಿದರೆ 141 ಇತ್ತು. ಮೀಟರಾದರೂ ದೇವರ ತಕ್ಕಡಿಯಲ್ಲ: ಮನೆಯಲ್ಲಿ ಬಳಸುವ ಮೀಟರುಗಳಿಗೆ ಇರುವ 2013ರ ಅಂತರರಾಷ್ಟ್ರೀಯ ಮಾನದಂಡವೇ, 100ಕ್ಕಿಂತ ಕೆಳಗೆ 15 ಅಂಕಿ, 100 ಮತ್ತು ಮೇಲೆ ಶೇ. 15ರಷ್ಟು ಹಿಂದೆಮುಂದೆ ಇರುವುದನ್ನು ಒಪ್ಪುತ್ತದೆ. ಹೀಗಾಗಿ 100ರ ಕೆಳಗೆ 20 ಅಂಕಿ, ಮೇಲೆ ಶೇ. 20ರ ಒಳಗಿನ ವ್ಯತ್ಯಾಸವನ್ನು ನಾನು ಸೆನ್ಸರಿನ ದೋಷವೆಂದು ಎಣಿಸುವುದಿಲ್ಲ. ಹೊಸ ಸೆನ್ಸರಿನ ಮೊದಲ ದಿನವನ್ನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ತಂತು ಹೊಕ್ಕ ಗಾಯಕ್ಕೆ ದೇಹ ಹೊಂದಿಕೊಳ್ಳುವವರೆಗೆ ಅಂಕಿಗಳು ಅತ್ತಿತ್ತ ಹೊಯ್ದಾಡುತ್ತವೆ. ಎರಡು ದಿನ ಕಳೆದ ಮೇಲೂ, ಬಾಣ ಅಡ್ಡವಾಗಿದ್ದಾಗ, ಕೆಲವು ಗಂಟೆಗಳ ಅಂತರದಲ್ಲಿ ಮೂರು ಸಲ ನೋಡಿದರೂ ಒಂದೇ ದಿಕ್ಕಿಗೆ ದೊಡ್ಡ ವ್ಯತ್ಯಾಸ ಬಂದರೆ ಆಗ ದೂರು ಕೊಡಬಹುದು.

ಎರಡನೆಯ ಸೆನ್ಸರ್ ಬಿದ್ದದ್ದಕ್ಕೆ ನಮ್ಮ ಬಿಸಿಲನ್ನೇ ದೂರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಉಷ್ಣತೆ 42 ಡಿಗ್ರಿ ದಾಟಿದಾಗ ಬೆವರಿನ ಮುಂದೆ ಯಾವ ಅಂಟೂ ನಿಲ್ಲುವುದಿಲ್ಲ. ನಾನು ಸೆನ್ಸರ್ ಹಾಕುವುದು ಸಂಜೆ, ಸ್ನಾನವಾಗಿ ಮೈ ಆರಿದ ಮೇಲೆ. ಆ ದಿನ ತೋಳಿಗೆ ಕೊಬ್ಬರಿ ಎಣ್ಣೆ ಸೋಕಿಸುವುದಿಲ್ಲ, ಕೂದಲು ತೆಗೆಯುತ್ತೇನೆ, ಸ್ಪಿರಿಟ್ ಹಚ್ಚಿದ ಮೇಲೆ ಊದದೆ, ಒರೆಸದೆ, ತಾನಾಗಿ ಆರಲು ಬಿಡುತ್ತೇನೆ. ಮೇಲೆ ಹೆಚ್ಚುವರಿ ಪಟ್ಟಿ ಅಂಟಿಸುವುದಾದರೆ ಸೆನ್ಸರಿನ ನಡುವೆ ರಂಧ್ರವಿದೆಯೇ ನೋಡಿ, ಇದ್ದರೆ ಅದನ್ನು ಮುಚ್ಚಬೇಡಿ. ಔಷಧಿ ಹೊಡೆಯುವ ಪಂಪಿನ ಪಟ್ಟಿಯನ್ನು ಹೆಗಲಿಗೇರಿಸುವಾಗ, ಬನಿಯನ್ ಕಳಚುವಾಗ ಸೆನ್ಸರಿನ ಅಂಚು ಸಿಕ್ಕಿಕೊಳ್ಳುತ್ತದೆ. ಪೂರ್ತಿ ಬೀಳದಿದ್ದರೂ ಒಳಗಿನ ತಂತು ಅರ್ಧ ಹೊರಬಂದು, ಅಂದಿನಿಂದ ಅಂಕಿಗಳು ಕೆಡುತ್ತವೆ. ಅದಕ್ಕಾಗಿ ನಾನು ಪಂಪನ್ನು ಮೊದಲು ಕಟ್ಟೆಯ ಮೇಲಿಟ್ಟು, ಸೆನ್ಸರ್ ಇಲ್ಲದ ತೋಳನ್ನು ಮೊದಲು ತೂರಿಸುತ್ತೇನೆ.

ಬಿಸಿಲಿನ ಇನ್ನೊಂದು ಮಾತಿದೆ. ನಾನು ಬಳಸುವ ಸೆನ್ಸರಿನ ಕೈಪಿಡಿಯಲ್ಲಿ ಅದು 10ರಿಂದ 45 ಡಿಗ್ರಿಯವರೆಗೆ ಕೆಲಸ ಮಾಡುತ್ತದೆಂದಿದೆ, ಡಬ್ಬಿಯನ್ನು ಇಡಬೇಕಾದ ಉಷ್ಣತೆಯ ಮಿತಿ ಅದಕ್ಕಿಂತ ತೀರ ಕೆಳಗಿದೆ. ತಂತುವಿಗೆ ಸವರಿರುವುದು ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ; ಕಿಣ್ವದಿಂದ ಗ್ಲೂಕೋಸ್ ಅಳೆಯುವ ಉಪಾಯವನ್ನು ಅಮೆರಿಕದ ಲೆಲಂಡ್ ಕ್ಲಾರ್ಕ್ 1962ರಲ್ಲಿಯೇ ಹೇಳಿದ್ದರು. ಕಿಣ್ವವೆಂದರೆ ಹೆಪ್ಪಿನಂತೆ, ಅತಿ ಬಿಸಿ ತಗುಲಿದರೆ ಅದರ ಕಸುವು ಹೋಗುತ್ತದೆ. ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಇದ್ದ ಡಬ್ಬಿ ಹೊಸದಾಗಿದ್ದೂ ಕೆಲಸಕ್ಕೆ ಬಾರದೆ ಹೋಗಬಹುದು. ಹಾಗೆಂದು ಫ್ರೀಜರಿನಲ್ಲಿಡಬೇಡಿ.

ಮೂರನೆಯದು ನಿಜವಾದ ವೈಫಲ್ಯ. ಹಾಕುವಾಗ ತಂತು ಬಾಗುವುದು, ಒಳಗೆ ರಕ್ತ ಕಟ್ಟುವುದು, ದೇಹ ಆ ಪರಕೀಯ ವಸ್ತುವಿನ ಸುತ್ತ ಪೊರೆ ಕಟ್ಟುವುದು ಇವೆಲ್ಲ ಅದಕ್ಕೆ ಕಾರಣಗಳಾಗಬಲ್ಲವು. ಕಂಪನಿ ಹೇಳಿದ ದಿನಗಳಿಗೆ ಮೊದಲೇ ನಿಂತ ಸೆನ್ಸರಿಗೆ ಅವರಿಂದ ಬದಲಿ ಕೇಳುವುದರಲ್ಲಿ ಸಂಕೋಚ ಬೇಡ. ಡಬ್ಬಿಯ ಮೇಲಿನ ಕ್ರಮಸಂಖ್ಯೆ, ಬಿಲ್ಲು, ಪರದೆಯ ಮೇಲಿನ ಸಂದೇಶದ ಚಿತ್ರ, ತೋಳಿನಿಂದ ತೆಗೆದ ಸೆನ್ಸರ್, ಇವು ನಿಮ್ಮ ಬಳಿ ಇರಬೇಕು. ನಾನು ಒಮ್ಮೆ ಡಬ್ಬಿಯನ್ನು ಒಲೆಗೆ ಹಾಕಿ, ಸೆನ್ಸರನ್ನು ತಿಪ್ಪೆಗೆಸೆದು ಫೋನು ಮಾಡಿದ್ದೆ. ಕ್ರಮಸಂಖ್ಯೆ ಕೇಳಿದಾಗ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಐದು ಸಾವಿರದ ಆಸುಪಾಸಿನ ಮಾಲು ಅದು. ಅಂದಿನಿಂದ ಡಬ್ಬಿ ತೆರೆಯುವ ಮೊದಲೇ ಚಿತ್ರ ತೆಗೆದಿಡುತ್ತೇನೆ.

‘ಸಿಗ್ನಲ್ ಇಲ್ಲ’ ಎಂದು ಬರುವುದು ಸಾಮಾನ್ಯವಾಗಿ ಫೋನಿನ ಕಥೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮಲಗಿಸಿರುತ್ತದೆ, ಅದನ್ನು ಆ ಆ್ಯಪಿಗೆ ಮಾತ್ರ ತೆಗೆದುಹಾಕಿ. ಆ್ಯಪನ್ನೇ ಅಳಿಸಿ ಮತ್ತೆ ಹಾಕಿದರೆ ಓಡುತ್ತಿರುವ ಸೆನ್ಸರೂ ಕೈತಪ್ಪಬಹುದು. ತಂದೆಯವರು ವಿಟಮಿನ್ ಸಿ ಮಾತ್ರೆ ಚೀಪುತ್ತಾರೆಯೇ ವಿಚಾರಿಸಿ, ಹೆಚ್ಚಿನ ಪ್ರಮಾಣದಲ್ಲಿ ಅದು ಕೆಲವು ಸೆನ್ಸರ್‌ಗಳ ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಎಂಆರ್‌ಐಗೆ ಹೋಗುವಾಗ ಸೆನ್ಸರ್ ಇದೆಯೆಂದು ಮೊದಲೇ ತಿಳಿಸಿ.

ಬಿಡಬೇಕೆ ಎಂದರೆ, ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯದಲ್ಲಿ ಬೇಡವೆಂದೇ ನನ್ನ ಅಭಿಪ್ರಾಯ. ವರ್ಷವಿಡೀ ಹಾಕಿಸುವ ಖರ್ಚು ನಮ್ಮಂಥವರಿಗೆ ಭಾರ. ನಾನು ನಾಟಿಯ ಹೊತ್ತಿಗೊಂದು, ಕೊಯ್ಲಿನ ಹೊತ್ತಿಗೊಂದು ಹಾಕಿಸಿ, ದುಡಿಮೆ ಹೆಚ್ಚಿದ ದಿನ ರಾತ್ರಿ ಶುಗರ್ ಎಷ್ಟು ಇಳಿಯುತ್ತದೆಂದು ನೋಡಿಕೊಂಡು, ಆ ಗ್ರಾಫನ್ನು ವೈದ್ಯರ ಮುಂದಿಡುತ್ತೇನೆ. ಇನ್ಸುಲಿನ್ ಅಳತೆ ಬದಲಿಸುವುದು ಅವರ ಕೆಲಸ. ಸ್ಟ್ರಿಪ್ ಡಬ್ಬಿಯನ್ನು ಮಾತ್ರ ಖಾಲಿಯಾಗಲು ಬಿಡುವುದಿಲ್ಲ.

ಸದ್ಯಕ್ಕೆ ಮುಂದಿನ ಸೆನ್ಸರನ್ನು ಬಲತೋಳಿನ ಹಿಂಬದಿಗೆ ಹಾಕಿಸಿ. ಮೂರನೆಯ ದಿನ ಬೆಳಿಗ್ಗೆ ಚಹಾಕ್ಕೆ ಮೊದಲು ಎರಡೂ ಅಂಕಿಗಳನ್ನು, ಬಾಣ ಕಾಣುವಂತೆ ಪರದೆಯ ಚಿತ್ರವನ್ನು ಇಲ್ಲಿಯೇ ಹಾಕಿರಿ, ನೋಡಿ ಹೇಳುತ್ತೇನೆ. ಕೆಟ್ಟುಹೋದ ಆ ಮೂರನೆಯ ಸೆನ್ಸರ್ ಇನ್ನೂ ಮನೆಯಲ್ಲಿದ್ದರೆ ಎಸೆಯಬೇಡಿ, ನಾಳೆಯೇ ಗ್ರಾಹಕ ಸೇವೆಗೆ ಫೋನು ಮಾಡಿ.