ಹೊಸ ಆರ್ಕಿಟೆಕ್ಟ್‌ಗಳು ಡಿಸೈನ್ ಸ್ಪರ್ಧೆಗೆ ಹೋಗಬೇಕಾ?

ಹೋಗಿ, ಆದರೆ ವರ್ಷಕ್ಕೆ ಒಂದೋ ಎರಡೋ ಸಾಕು. ಕಾಲೇಜು ಮುಗಿಸಿ ನಾಲ್ಕು ವರ್ಷದಲ್ಲಿ ನಾನು ಐದಕ್ಕೆ ಕಳಿಸಿದ್ದೇನೆ, ಒಂದನ್ನೂ ಗೆದ್ದಿಲ್ಲ.

ಎಲ್ಲರೂ ಹೇಳುವುದು ಮಾಯಾ ಲಿನ್ ಕಥೆ. ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕದ ಸ್ಪರ್ಧೆಯನ್ನು 1981ರಲ್ಲಿ ಗೆದ್ದಾಗ ಆಕೆಗೆ 21 ವರ್ಷ, ಇನ್ನೂ ವಿದ್ಯಾರ್ಥಿನಿ, ಮತ್ತು ಶೀಟ್ ಮೇಲೆ ಹೆಸರಿಲ್ಲದೆ ಬರೀ ನಂಬರ್ ಇದ್ದದ್ದರಿಂದ ಇದು ಯಾರ ಕೆಲಸ ಅಂತ ತೀರ್ಪುಗಾರರಿಗೆ ಗೊತ್ತೇ ಇರಲಿಲ್ಲ. ಸರಿ, ಆದರೆ ಬಂದಿದ್ದ ಎಂಟ್ರಿಗಳು 1,421. ಉಳಿದ 1,420ರ ಕಥೆ ಯಾರೂ ಹೇಳಲ್ಲ, ಅಲ್ವಾ? ಪ್ಯಾರಿಸ್‌ನ ಪಾಂಪಿದೂ ಸೆಂಟರ್ ಅನ್ನುವ ಕಲಾ ಕೇಂದ್ರದ ಸ್ಪರ್ಧೆಗೂ 681 ಬಂದಿದ್ದವು.

ಹಾಗಾದರೆ ಯಾಕೆ ಮಾಡುತ್ತೇನೆ? ಆಫೀಸಿನಲ್ಲಿ ನನ್ನ ಪಾಲಿಗೆ ಬರುವುದು ಟಾಯ್ಲೆಟ್ ಡೀಟೇಲು, ಮೆಟ್ಟಿಲಿನ ರೇಲಿಂಗು. ಕಳೆದ ಸಲ ಒಂದು ಲೈಬ್ರರಿ ಸ್ಪರ್ಧೆಗೆ ರಾತ್ರಿ ಎರಡರ ತನಕ ಕೂತು ಬರೀ ಒಂದು ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ತೋರಿಸುವ ಡ್ರಾಯಿಂಗ್) ಬರೆದೆ, ಪಶ್ಚಿಮದ ಬಿಸಿಲು ಪುಸ್ತಕದ ಕಪಾಟಿಗೆ ಬೀಳದ ಹಾಗೆ ಗೋಡೆಯನ್ನು ಹನ್ನೊಂದು ಸಲ ತಿದ್ದಿದೆ. ಬಹುಮಾನ ಬರಲಿಲ್ಲ. ಆಮೇಲೆ ಇಂಟರ್‌ವ್ಯೂನಲ್ಲಿ ಅದೇ ಶೀಟನ್ನು ಹತ್ತು ನಿಮಿಷ ನೋಡಿದರು.

ದುಡ್ಡು ಕಟ್ಟುವ ಮುಂಚೆ ನಿಯಮ ಓದಿ. ತೀರ್ಪುಗಾರರ ಹೆಸರೇ ಹಾಕದೆ ಫೀಸು ಮಾತ್ರ ಕೇಳುವ ಸ್ಪರ್ಧೆಗಳೂ ಇವೆ. ಸೋತವರ ಡ್ರಾಯಿಂಗ್ ಹಕ್ಕೂ ನಮ್ಮದೇ ಅಂತ ಬರೆದುಕೊಂಡಿದ್ದರೆ ಸುಮ್ನೆ ಬಿಟ್ಟುಬಿಡಿ. ಇನ್ನು ಗೆಳೆಯರ ಜೊತೆ ಸೇರಿ ಮಾಡುವುದಾದರೆ, ಯಾರ ಹೆಸರು ಮೊದಲು ಅನ್ನುವುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ, ನಾವು ಮಾತಾಡಿರಲಿಲ್ಲ.