ಟ್ಯಾಂಕಿನ ಉಪ್ಪು 39 ಆಗಿದ್ದರೆ: ಒಂದೇ ದಿನಕ್ಕೆ ಇಳಿಸಬೇಡಿ

ಮೇಡಂ, ಆ 20 ಲೀಟರ್ ಕ್ಯಾನ್ ಸದ್ಯಕ್ಕೆ ಮೂಲೆಯಲ್ಲೇ ಇರಲಿ.

ನಿಮ್ಮ ಕಥೆ ನನಗೆ ಅರ್ಥವಾದದ್ದು ಹೀಗೆ. ಮೂರಡಿಯ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್, ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ, ಒಂದಷ್ಟು ಸಾಫ್ಟ್ ಕೋರಲ್ (ಮೆತ್ತನೆಯ ಹವಳ). ನೀವು ಊರಿಗೆ ಹೋಗಿದ್ದ 12 ದಿನ, ನೀರು ಕಮ್ಮಿಯಾದಾಗೆಲ್ಲ ತಮ್ಮ ನೀವು ಕಲಸಿಟ್ಟಿದ್ದ ಉಪ್ಪುನೀರನ್ನೇ ತುಂಬಿದ್ದಾನೆ. ಈಗ ನಿಮ್ಮ ಹಳೇ ಹೈಡ್ರೋಮೀಟರ್ (ನೀರಿನ ಸಾಂದ್ರತೆ ನೋಡಿ ಉಪ್ಪು ಹೇಳೋದು) 1.024 ಅನ್ನುತ್ತೆ, ಗೆಳತಿಯಿಂದ ತಂದ ರಿಫ್ರಾಕ್ಟೋಮೀಟರ್ (ನೀರಲ್ಲಿ ಬೆಳಕು ಬಾಗೋದು ನೋಡಿ ಹೇಳೋದು) 39 ಪಿಪಿಟಿ, ಅಂದರೆ ಸಾವಿರ ಭಾಗಕ್ಕೆ 39 ಭಾಗ ಉಪ್ಪು, ಅನ್ನುತ್ತೆ. ಯಾವುದನ್ನು ನಂಬೋದು, ಇವತ್ತೇ 20 ಲೀಟರ್ ತೆಗೆದು ಅಷ್ಟೇ ಆರ್‌ಒ ನೀರು ಹಾಕಿಬಿಡಲಾ ಅಂತ ಕೇಳಿದ್ದೀರಿ.

ಮೊದಲು ತಮ್ಮನ ಲೆಕ್ಕ ನೋಡೋಣ. 36×18×18 ಇಂಚಿನ ಟ್ಯಾಂಕ್ ಕಾಗದದ ಮೇಲೆ 190 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 150ರ ಆಸುಪಾಸು. ಫ್ಯಾನ್ ಇರೋದರಿಂದ ದಿನಕ್ಕೆ ಒಂದೂವರೆ ಲೀಟರ್ ಆವಿಯಾಗುತ್ತೆ ಅಂದಿದ್ದೀರಿ. ಆವಿಯಾಗಿ ಹೋಗೋದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತೆ. 12 ದಿನಕ್ಕೆ 18 ಲೀಟರ್ ಉಪ್ಪುನೀರು, ಲೀಟರಿಗೆ 35 ಗ್ರಾಂ ಅಂದರೆ 630 ಗ್ರಾಂ ಉಪ್ಪು ಹೆಚ್ಚಿಗೆ ಬಿತ್ತು. 150 ಲೀಟರಿಗೆ ಹಂಚಿದರೆ 4.2. ಮೊದಲು 35 ಇದ್ದಿದ್ದರೆ ಈಗ 39. ರಿಫ್ರಾಕ್ಟೋಮೀಟರ್ ಹೇಳ್ತಿರೋದೂ ಅದನ್ನೇ.

ಮುಳ್ಳಿನ ಹೈಡ್ರೋಮೀಟರಿನ ಕಾಯಿಲೆ ಹಳೆಯದು. ಮುಳ್ಳಿಗೆ ಉಪ್ಪಿನ ಕರೆ ಕಟ್ಟಿದರೆ ಭಾರವಾಗಿ ಕಮ್ಮಿ ತೋರಿಸುತ್ತೆ, ಗಾಳಿಗುಳ್ಳೆ ಅಂಟಿದರೆ ತೇಲಿ ಜಾಸ್ತಿ ತೋರಿಸುತ್ತೆ. 39ಕ್ಕೆ ಅದು 1.029ರ ಮೇಲೆ ನಿಲ್ಲಬೇಕಿತ್ತು. ವಿನಿಗರ್‌ನಲ್ಲಿ ನೆನೆಸಿ ತೊಳೆದು ಒಮ್ಮೆ ನೋಡಿ, ಆದರೂ ನಾನಾಗಿದ್ದರೆ ಅದನ್ನು ಮಕ್ಕಳಿಗೆ ಆಡೋಕೆ ಕೊಡ್ತಿದ್ದೆ.

ಹಾಗಂತ ರಿಫ್ರಾಕ್ಟೋಮೀಟರನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಗ್ಗದವು ಬಹಳಷ್ಟು ಬರೀ ಅಡುಗೆ ಉಪ್ಪಿನ ದ್ರಾವಣಕ್ಕೆ ಮಾಡಿದವು, ಸಮುದ್ರದ ನೀರಿಗಲ್ಲ. ಆರ್‌ಒ ನೀರಲ್ಲಿ ಸೊನ್ನೆಗೆ ಹೊಂದಿಸಿದರೂ 35ರ ಹತ್ತಿರ ಒಂದೂವರೆಯಷ್ಟು ಜಾಸ್ತಿ ತೋರಿಸುತ್ತವೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು: 36.5 ಗ್ರಾಂ ಪುಡಿ ಉಪ್ಪು, 963.5 ಗ್ರಾಂ ಆರ್‌ಒ ನೀರು, ಎರಡನ್ನೂ ತೂಕ ಮಾಡಿ ಕರಗಿಸಿ. ಅದರ ಒಂದು ಹನಿ ಗಾಜಿನ ಮೇಲೆ ಬಿಟ್ಟು, ಒಂದು ನಿಮಿಷ ಕಾದು, ಸ್ಕ್ರೂ ತಿರುಗಿಸಿ 35ಕ್ಕೆ ನಿಲ್ಲಿಸಿ (ಮೀಟರಿಗೆ ಇದು 35ರ ಸಮುದ್ರದ ನೀರಿನಂತೆಯೇ ಕಾಣುತ್ತೆ). ಈ ನೀರು ಮೀಟರಿಗೆ ಮಾತ್ರ, ಟ್ಯಾಂಕಿಗೆ ಅಲ್ಲ. ಆಮೇಲೆ ಟ್ಯಾಂಕ್ ನೀರು ಮತ್ತೆ ಅಳೆಯಿರಿ. 37.5 ಬಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೆಲಸ ಅಲ್ಲೇ ಕಮ್ಮಿಯಾಯಿತು.

ಇನ್ನು ಗಾಬರಿ ಯಾಕೆ ಬೇಡ ಅಂದರೆ, ಉಪ್ಪು ದಿನಕ್ಕೆ 0.35ರಂತೆ ಏರಿದೆ, ಪ್ರಾಣಿಗಳು ಅದಕ್ಕೆ ಒಗ್ಗಿಕೊಂಡಿವೆ. ನಿಮ್ಮ 20 ಲೀಟರ್ ಯೋಜನೆ ಅದನ್ನು ಒಂದೇ ಗಂಟೆಯಲ್ಲಿ 33.8ಕ್ಕೆ ಎಳೆದುಬಿಡುತ್ತೆ, ಗುರಿಯಾದ 35ಕ್ಕಿಂತಲೂ ಕೆಳಗೆ. ಮೀನು ತಡೆದುಕೊಳ್ಳಬಹುದು, ಅದಕ್ಕೆ ಮೈಯ ಉಪ್ಪನ್ನು ತಾನೇ ನಿಭಾಯಿಸಿಕೊಳ್ಳುವ ಶಕ್ತಿ ಇದೆ. ಹವಳ, ಬಸವನಹುಳು, ನಕ್ಷತ್ರ ಮೀನಿಗೆ ಅದಿಲ್ಲ. ಹೊರಗಿನ ನೀರು ಹೇಗೋ ಒಳಗೂ ಹಾಗೇ. ಸಿಗಡಿಗೂ ಇಂಥ ದಿಢೀರ್ ಬದಲಾವಣೆ ಆಗಿಬರಲ್ಲ.

ಹಾಗಾಗಿ ದಿನಕ್ಕೆ ಒಂದು ಪಿಪಿಟಿಗಿಂತ ಹೆಚ್ಚು ಬೇಡ. ನಿಮ್ಮ ಟ್ಯಾಂಕಿಗೆ ಅದು ದಿನಕ್ಕೆ 4 ಲೀಟರ್. 4 ಲೀಟರ್ ಟ್ಯಾಂಕ್ ನೀರು ತೆಗೆದು ಮುಚ್ಚಳವಿರೋ ಕ್ಯಾನಿನಲ್ಲಿ ಇಡಿ (ಚೆಲ್ಲಬೇಡಿ, ಅತಿಯಾಗಿ ಇಳಿದರೆ ಬೇಕಾಗುತ್ತೆ). ಅಷ್ಟೇ ಆರ್‌ಒ ನೀರನ್ನು, ಟ್ಯಾಂಕಿನಷ್ಟೇ ಬೆಚ್ಚಗಿರುವುದನ್ನು, ವೇವ್‌ಮೇಕರ್ (ಅಲೆ ಎಬ್ಬಿಸೋ ಪಂಪು) ಮುಂದೆ ನಿಧಾನವಾಗಿ ಬಿಡಿ. ಹವಳದ ನೆತ್ತಿ ಮೇಲೆ ಸುರಿಯಬೇಡಿ. ಜನ ಎಡವೋದು ಇಲ್ಲಿ: ಆವಿಯಾಗೋ ಒಂದೂವರೆ ಲೀಟರನ್ನು ದಿನವೂ ಆರ್‌ಒ ನೀರಿನಿಂದಲೇ ಬೇರೆಯಾಗಿ ತುಂಬಬೇಕು, ಅದು ಈ ನಾಲ್ಕರ ಲೆಕ್ಕಕ್ಕೆ ಸೇರಲ್ಲ. ಗಾಜಿಗೊಂದು ಟೇಪ್ ಅಂಟಿಸಿ ಮಟ್ಟ ಗುರುತು ಮಾಡಿ, ಮೊದಲು ಆ ಗುರುತಿಗೆ ತುಂಬಿಸಿ, ಅರ್ಧ ಗಂಟೆ ಬಿಟ್ಟು ಅಳೆದು, ಆಮೇಲೆ ನಾಲ್ಕು ಲೀಟರಿಗೆ ಕೈಹಾಕಿ. 35 ಮುಟ್ಟಿದ ದಿನ ನಿಲ್ಲಿಸಿ.

ಆರ್‌ಒ ಅಂದಿರಲ್ಲ, ಅಡುಗೆಮನೆಯದಾ? ಅವುಗಳಲ್ಲಿ ರುಚಿಗೆ ಅಂತ ಒಂದಿಷ್ಟು ಶೋಧಿಸದ ನೀರು ಬೆರೆಸುವ ಟಿಡಿಎಸ್ ತಿರುಪು ಇರುತ್ತೆ. ಅದಕ್ಕಿಂತ ಅಪಾಯ ತಾಮ್ರದ ಕಾರ್ಟ್ರಿಜ್. ನಮಗೆ ಒಳ್ಳೆಯದು ಅಂತ ಮಾರೋ ಆ ತಾಮ್ರ ಸಿಗಡಿಗೆ, ಹವಳಕ್ಕೆ ವಿಷ. ಅಂಥದ್ದಿದ್ದರೆ ಆ ನಲ್ಲಿಯ ನೀರು ಬೇಡವೇ ಬೇಡ.

ಕೆಎಚ್ (ನೀರಿನ ಕ್ಷಾರತೆ) 9, ಕ್ಯಾಲ್ಸಿಯಂ 470 ಇದೆ, ಇದಕ್ಕೇನು ಮಾಡಲಿ ಅಂತಲೂ ಕೇಳಿದ್ದೀರಿ. ಏನೂ ಮಾಡಬೇಡಿ. ಉಪ್ಪು 39ರಿಂದ 35ಕ್ಕೆ ಇಳಿದರೆ ಅವೂ ಜೊತೆಗೇ ಇಳಿದು 8.1, 420ರ ಹತ್ತಿರ ಬರುತ್ತವೆ.

ತಮ್ಮನನ್ನು ಬೈಯಬೇಡಿ. ಕಮ್ಮಿಯಾದ ಉಪ್ಪನ್ನು ಏರಿಸಲು ಅವನು ಮಾಡಿದ್ದೇ ಸರಿಯಾದ ದಾರಿ, ಆವಿಯಾದ ಜಾಗಕ್ಕೆ ಉಪ್ಪುನೀರು ತುಂಬೋದು. ನನಗೆ ಅದು ಗೊತ್ತಾಗಿದ್ದು ನಷ್ಟ ಆದಮೇಲೆ. ಒಂದು ರಾತ್ರಿ ಸಂಪ್‌ನ (ಟ್ಯಾಂಕಿಗೆ ಜೋಡಿಸಿದ ಕೆಳಗಿನ ತೊಟ್ಟಿ) ಫ್ಲೋಟ್ ಸ್ವಿಚ್ (ನೀರು ತುಂಬಿದಾಗ ಮೇಲೆದ್ದು ಪಂಪು ನಿಲ್ಲಿಸೋದು) ಮೇಲೆ ಬಸವನಹುಳು ಕೂತು ಅದನ್ನು ಏಳೋಕೆ ಬಿಡಲಿಲ್ಲ, ಪಂಪು 20 ಲೀಟರ್ ಆರ್‌ಒ ನೀರನ್ನೂ ಹೊಡೆಯಿತು. 250 ಲೀಟರ್ ವ್ಯವಸ್ಥೆ 32ಕ್ಕೆ ಬಂತು. ನಾನು ಸಂಜೆಯೊಳಗೆ ಗಟ್ಟಿ ಉಪ್ಪುನೀರು ಕಲಸಿ ಹಾಕಿ 35 ಮಾಡಿ ಬೀಗಿದೆ. ಎರಡು ದಿನದಲ್ಲಿ ನಕ್ಷತ್ರ ಮೀನು ಕರಗಿಹೋಯಿತು. ಈಗ ಆ ಪಂಪಿಗೆ 5 ಲೀಟರ್ ಡಬ್ಬ ಮಾತ್ರ, ಕೆಟ್ಟರೂ ಅಷ್ಟೇ ತಾನೆ ಕೆಡೋದು. ಮಂಗಳೂರು ಕಡೆಯವರು ಸಮುದ್ರದ ನೀರನ್ನೇ ತರ್ತಿದ್ದರೆ ಅದನ್ನೂ ಅಳೆದೇ ಹಾಕಿ. ಮಳೆಗಾಲದಲ್ಲಿ ನೇತ್ರಾವತಿ ಅಳಿವೆ ಹತ್ತಿರದ ನೀರು ಸಪ್ಪೆ ಇರುತ್ತೆ.

ಇನ್ನೊಂದು. ಈ ನಾಲ್ಕೈದು ದಿನದಲ್ಲಿ ಸಿಗಡಿ ಬೆಳ್ಳಗೆ ಮಗ್ಗುಲಾಗಿ ಬಿದ್ದಿರೋದು ಕಂಡರೆ ತಕ್ಷಣ ಎತ್ತಿ ಬಿಸಾಡಬೇಡಿ. ಅದು ಕಳಚಿದ ಪೊರೆ ಇರಬಹುದು, ಸಿಗಡಿ ಕಲ್ಲಿನ ಹಿಂದೆ ಅಡಗಿರುತ್ತೆ.